ಒಂದು ಹಳೆಯ ಕಾರಿನ ಹೊಗೆಕೊಳವೆ

ಮೋಟಾರು ಕಾರನ್ನು ನೋಡುವವರೆಲ್ಲ ಅದರ ಮುಂಭಾಗವನ್ನೇ ನೋಡುತ್ತಾರೆ. ದೀಪಗಳು ಕಣ್ಣಿನಂತಿವೆ, ಜಾಲರಿ ಹಲ್ಲಿನಂತಿದೆ ಎಂದು ಹೊಗಳುತ್ತಾರೆ. ಮದುವೆಯ ಕಾರಿಗೆ ಹೂವಿನ ಹಾರ ಬೀಳುವುದೂ ಮುಂದುಗಡೆಗೇ. ಆಯುಧಪೂಜೆಯ ದಿನ ಅರಿಸಿನ ಕುಂಕುಮ ಎಂಜಿನ್ನಿಗೆ ಸಲ್ಲುತ್ತದೆ, ನಿಂಬೆಹಣ್ಣು ಗಾಲಿಗೆ ಸಲ್ಲುತ್ತದೆ. ಕಾರಿನ ಹೊಟ್ಟೆಯ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಹೊರಗಿನಿಂದ ಕೆಸರನ್ನೂ ಒಳಗಿನಿಂದ ಬೆಂಕಿಯನ್ನೂ ಸಹಿಸಿಕೊಂಡು ಮಲಗಿರುವ ಹೊಗೆಕೊಳವೆಗೆ ಒಂದು ಬೊಟ್ಟು ಕುಂಕುಮವಿಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ.

ಇತಿಹಾಸ ಓದುವ ಹುಡುಗನಿಗೆ ಹೊಗೆಕೊಳವೆಯ ಗೊಡವೆ ಏಕೆ ಎಂದು ನಮ್ಮ ಅಧ್ಯಾಪಕರು ಹುಬ್ಬೇರಿಸಬಹುದು. ಕಾರಣವಿದೆ. ಹಾಸನದಲ್ಲಿ ನನ್ನ ಸೋದರಮಾವನದೊಂದು ಮೋಟಾರು ರಿಪೇರಿ ಷೆಡ್ಡು ಇದೆ. ಅದನ್ನು ಕಟ್ಟಿದವರು ಮಾವನ ತಂದೆ, ಅಂದರೆ ನನ್ನ ತಾತ. ರಜೆ ಬಂದಿತೆಂದರೆ ನನ್ನ ವಾಸ ಅಲ್ಲಿಯೇ. ಪುಸ್ತಕದಲ್ಲಿ ಓದಿದ್ದನ್ನು ಪರೀಕ್ಷೆಯ ಮಾರನೆಯ ದಿನ ಮರೆಯುವ ನನಗೆ ಆ ಷೆಡ್ಡಿನಲ್ಲಿ ಕಂಡದ್ದು ಮಾತ್ರ ಮರೆಯುವುದಿಲ್ಲ. 2024ರ ಮೇ ತಿಂಗಳಲ್ಲಿ ಅಲ್ಲಿ ಕಂಡದ್ದನ್ನು ಹೇಳಬೇಕೆಂದು ಈ ನಾಲ್ಕು ಮಾತು.

ಮೊದಲು ಕಾರಿನ ಪರಿಚಯವಾಗಲಿ. ಅದು 1951ರ ಎಂ.ಜಿ. ಟಿ.ಡಿ. ಎಂಬ ಸ್ಪೋರ್ಟ್ಸ್ ಕಾರು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಒಂದು ಮೋಟಾರು ಅಂಗಡಿಯ ಹೆಸರು ಅದು. ಈ ಕಾರುಗಳು ತಯಾರಾಗುತ್ತಿದ್ದುದು ಅದರ ಸಮೀಪದ ಆಬಿಂಗ್ಡನ್ ಎಂಬ ಊರಿನಲ್ಲಿ. ಆ ಕಾರ್ಖಾನೆ 1980ರಲ್ಲಿ ಮುಚ್ಚಿಹೋಯಿತು. ಟಿ.ಡಿ. ಮಾದರಿಯ ಕಾರುಗಳು 1953ರವರೆಗೆ ಸುಮಾರು 30 ಸಾವಿರದಷ್ಟು ಹೊರಬಂದವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಇಬ್ಬರು ಮಾತ್ರ ಕೂರಬಹುದಾದ ಕಾರು. ಮೇಲೆ ಬಿಚ್ಚಿ ಮಡಿಸುವ ಬಟ್ಟೆಯ ಹುಡ್ಡು. ಕಿಟಕಿಗೆ ಗಾಜಿನ ಬದಲು ತೆಗೆದು ಹಾಕುವ ಪರದೆಗಳು. ಎಂಜಿನ್ನು 1250 ಸಿ.ಸಿ. ತಗಡಿನ ಮೈಯೊಳಗೆ ಇರುವ ಅಸ್ಥಿಪಂಜರ ಮರದ್ದು, ಕಾಲಿಡುವ ನೆಲವೂ ಮರದ ಹಲಗೆಯದೇ. ಈ ಹಲಗೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರಿಂದ ಕೆಲಸವಿದೆ.

ಈ ಕಾರು ಸಕಲೇಶಪುರದ ಕಡೆಯ ಒಬ್ಬ ಕಾಫಿ ತೋಟದ ಗೌಡರದು. ಅವರ ತಂದೆ 1958ರಲ್ಲಿ, ತೋಟ ಮಾರಿ ಸ್ವದೇಶಕ್ಕೆ ಹೊರಟ ಒಬ್ಬ ದೊರೆಯಿಂದ ಕೊಂಡದ್ದಂತೆ. ನಲವತ್ತು ವರ್ಷ ಓಡಿದ ಮೇಲೆ ಅದು ಕಾಫಿ ಕಣದ ಪಕ್ಕದ ಗೋದಾಮು ಸೇರಿತು. 2017ರಲ್ಲಿ ಗೌಡರಿಗೆ ತಂದೆಯ ನೆನಪು ಬಲವಾಗಿ, ಕಾರು ಮತ್ತೆ ಹೊರಗೆ ಬಂದಿತು. ಅಂದಿನಿಂದ ಪ್ರತಿ ಭಾನುವಾರ ಬಂಗಲೆಯಿಂದ ತೋಟದ ಗೇಟಿನವರೆಗೆ, ಗೇಟಿನಿಂದ ಬಂಗಲೆಯವರೆಗೆ ಒಂದು ಸವಾರಿ. ಒಟ್ಟು ಎರಡು ಮೈಲಿ. ಮುದಿ ಕಾರಿಗೆ ಹೆಚ್ಚು ಆಯಾಸ ಬೇಡವೆಂದು ಗೌಡರ ದಯೆ.

ಆ ಮೇ ತಿಂಗಳಲ್ಲಿ ಗೌಡರು ಕಾರನ್ನು ತಾವೇ ಓಡಿಸಿಕೊಂಡು ಹಾಸನಕ್ಕೆ ಬಂದರು. ಪಕ್ಕದಲ್ಲಿ ಸೊಸೆ, ಸೊಸೆಯ ಮಡಿಲಲ್ಲಿ ನಾಲ್ಕು ವರ್ಷದ ಮೊಮ್ಮಗ. ದಾರಿಯಲ್ಲಿ ಮುಂಗಾರಿಗೆ ಮುಂಚಿನ ದೊಡ್ಡ ಮಳೆ ಹಿಡಿದದ್ದರಿಂದ ಹುಡ್ಡು ಏರಿತ್ತು, ಪರದೆಗಳು ಬಿಗಿದಿದ್ದವು. ಕಾರು ಕಾಣುವುದಕ್ಕೆ ಮುಂಚೆ ಅದರ ಸದ್ದು ಬಂದಿತು. ಷೆಡ್ಡಿನ ತಗಡುಗಳು ಅದುರಿದವು. ಮಗುವಂತೂ ಇಳಿದ ಕೂಡಲೆ ವಾಂತಿ ಮಾಡಿಕೊಂಡಿತು.

“ಏನಯ್ಯ, ಸೈಲೆನ್ಸರ್ ತೂತಾಗಿದೆ. ಎರಡು ದಿನದಲ್ಲಿ ಒಂದು ತೇಪೆ ಹಾಕಿ ಕೊಟ್ಟುಬಿಡು. ಭಾನುವಾರ ಮೊಮ್ಮಗಳ ಮದುವೆ. ಗಂಡು ಹೆಣ್ಣು ಈ ಕಾರಲ್ಲೇ ಹೊರಡಬೇಕು” ಎಂದರು ಗೌಡರು.

ನಮ್ಮ ಕಡೆ ಎಂಜಿನ್ನಿನಿಂದ ಬಾಲದವರೆಗೆ ಇರುವ ಇಡೀ ಕೊಳವೆಗೆ ಸೈಲೆನ್ಸರ್ ಎಂದೇ ರೂಢಿ. ಸರಿಯಾಗಿ ಹೇಳುವುದಾದರೆ ನಡುವೆ ಇರುವ ಡಬ್ಬಿ ಮಾತ್ರ ಸೈಲೆನ್ಸರ್. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ ನೂರು ಸ್ಫೋಟಗಳಾಗುತ್ತವೆ. ನೂರು ಪಟಾಕಿಯ ಸದ್ದನ್ನು ಒಂದು ಗುನುಗುವಿಕೆಯಾಗಿ ಮಾಡುವುದು ಆ ಡಬ್ಬಿಯ ಕೆಲಸ. ಕೊಳವೆಯ ಕೆಲಸ ಬೇರೆ. ಹೊಗೆಯನ್ನು ಮನುಷ್ಯರಿರುವ ಜಾಗದಿಂದ ದೂರಕ್ಕೆ ಸಾಗಿಸಿ ಹಿಂದೆ ಬಿಡುವುದು ಅದರ ಕೆಲಸ. ಮೊದಲನೆಯದು ಕೆಟ್ಟರೆ ಊರಿಗೆಲ್ಲ ತಿಳಿಯುತ್ತದೆ. ಎರಡನೆಯದು ಕೆಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಮಾವ ಉತ್ತರ ಕೊಡದೆ ಸೊಸೆಯನ್ನು ಕೇಳಿದ: “ಅಮ್ಮಾ, ಮಗೂಗೆ ಹೀಗೆ ಯಾವಾಗ್ಲೂ ಆಗುತ್ತೋ, ಹುಡ್ ಹಾಕಿದಾಗ ಮಾತ್ರ ಆಗುತ್ತೋ?”

ಆಕೆ ಸ್ವಲ್ಪ ಯೋಚಿಸಿ, “ಹುಡ್ ಹಾಕಿದಾಗ್ಲೇ ಅಣ್ಣಾ. ನನಗೂ ತಲೆ ಸಿಡಿಯುತ್ತೆ. ರಸ್ತೆ ತಿರುವಿಗೆ ಅಂದ್ಕೊಂಡಿದ್ವಿ” ಎಂದಳು.

ಮಾವ ಕಾರಿನ ಒಳಗಿನ ಚಾಪೆಯನ್ನು ಎತ್ತಿದ. ಮರದ ಹಲಗೆಗಳ ಸಂದಿನ ಉದ್ದಕ್ಕೂ ಒಂದು ಕಪ್ಪು ಪಟ್ಟಿ. ಹಳೆಯ ಮನೆಗಳಲ್ಲಿ ದೀಪದ ಗೂಡಿನ ಮೇಲಿನ ಗೋಡೆ ಕಪ್ಪಾಗಿರುವುದಿಲ್ಲವೆ, ಹಾಗೆ. ಕೆಳಗೆ ಹೊಗೆಕೊಳವೆ, ಕೊಳವೆಯಲ್ಲಿ ತೂತು, ಮೇಲೆ ಹಲಗೆಯ ಸಂದು, ಅದರ ಮೇಲೆ ಮಗುವಿನ ಮೂಗು. ಗೌಡರು ಬಗ್ಗಿ ನೋಡಿದರು, ಏನೂ ಮಾತನಾಡಲಿಲ್ಲ.

ಪೆಟ್ರೋಲು ಪೂರ್ತಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ಕಾರ್ಬುರೇಟರ್ ಎಂಜಿನ್ನುಗಳ ಹೊಗೆಯಲ್ಲಿ ಅದು ನೂರಕ್ಕೆ ಕೆಲವು ಪಾಲಿನಷ್ಟು ಇರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಪ್ರಾಣವಾಯುವಿಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸುವುದು, ಆಮೇಲೆ ಮಂಪರು. ಮಂಪರಿನ ಆಚೆಗೆ ಏನೆಂಬುದು ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಿದವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರಿಗೆಲ್ಲ ಗೊತ್ತು. ತೆರೆದ ಕಾರಿನಲ್ಲಿ ಗಾಳಿ ಅದನ್ನು ಬಹುಮಟ್ಟಿಗೆ ಒಯ್ಯುತ್ತದೆ. ಹುಡ್ಡು ಏರಿಸಿ ಪರದೆ ಬಿಗಿದರೆ ಅದೇ ಕಾರು ಮುಚ್ಚಿದ ಕೋಣೆ.

“ಗೌಡ್ರೆ, ತೇಪೆ ಹಾಕೋಕೆ ಬಟ್ಟೆನೇ ಇಲ್ವಲ್ಲ” ಎಂದು ಮಾವ ಒಂದು ಸ್ಕ್ರೂಡ್ರೈವರಿನಿಂದ ಕೊಳವೆಯನ್ನು ತಟ್ಟುತ್ತ ಹೋದ. ಗಟ್ಟಿಯಾದ ಕಬ್ಬಿಣ ಠಣ್ ಎನ್ನುತ್ತದೆ. ಒಳಗೆ ಸತ್ತ ಕಬ್ಬಿಣ ದಪ್ ಎನ್ನುತ್ತದೆ. ಎಂಜಿನ್ನಿನ ಹತ್ತಿರ ಠಣ್ ಎಂದದ್ದು ಹಿಂದೆ ಹೋದಂತೆ ಮಂಕಾಗಿ, ಡಬ್ಬಿಯ ಹತ್ತಿರ ಸ್ಕ್ರೂಡ್ರೈವರು ಹಪ್ಪಳದೊಳಕ್ಕೆ ಹೋದಂತೆ ಒಳಕ್ಕೇ ಹೋಯಿತು. ತಗಡಿನ ಪಟ್ಟಿ ಸುತ್ತಿ ಅಂಟು ಮೆತ್ತಿದರೆ ಸದ್ದು ಒಂದು ವಾರ ನಿಲ್ಲುತ್ತದೆ, ಹೊಗೆ ಮುಂದಿನ ತೂತನ್ನು ಹುಡುಕುತ್ತದೆ ಎಂದು ಮಾವ ವಿವರಿಸಿದ. ಹದಿನೈದು ದಿನ ಬೇಕು, ಹೊಸದನ್ನೇ ಹಾಕಬೇಕು ಎಂದ. ಗೌಡರ ಮುಖ ಕೆಂಪಾಯಿತು. ಮದುವೆಯ ದಿನ ಕಾರು ಬೇಕೆಂದು ನೆಂಟರಿಗೆಲ್ಲ ಹೇಳಿಯಾಗಿತ್ತು. ಬೇರೆ ಷೆಡ್ಡಿಗೆ ಒಯ್ಯುತ್ತೇನೆಂದರು. “ಒಯ್ಯಿರಿ. ಆದರೆ ಮಗೂನ ಅದರಲ್ಲಿ ಕೂರಿಸಬೇಡಿ” ಎಂದ ಮಾವ. ಗೌಡರು ಕಾರನ್ನು ಒಯ್ಯಲಿಲ್ಲ. ಸೊಸೆ ಮೊಮ್ಮಗನೊಡನೆ ಬಾಡಿಗೆ ಕಾರು ಹತ್ತಿ ಹೋದವರು ಹನ್ನೆರಡು ದಿನ ಟೆಲಿಫೋನು ಕೂಡ ಮಾಡಲಿಲ್ಲ. ಮೊಮ್ಮಗಳ ಮದುವೆ ಬೇರೆ ಯಾರದೋ ಕಾರಿನಲ್ಲಿ ಆಯಿತು. ಮೂವತ್ತು ವರ್ಷದ ಗಿರಾಕಿ ಹೋದನೆಂದೇ ಅತ್ತೆ ಎಣಿಸಿದ್ದಳು. ಮಾವನಿಗೂ ಒಳಗೊಳಗೆ ಅದೇ ಭಯವಿತ್ತೆಂದು ಅವನ ಊಟ ನೋಡಿ ನಾನು ತಿಳಿದೆ.

ಆ ಹನ್ನೆರಡು ದಿನಗಳಲ್ಲಿ ನಾನು ಕಲಿತದ್ದು ಬಹಳ. ಕೊಳವೆಗೆ ತುಕ್ಕು ಹಿಡಿಯುವುದು ರಸ್ತೆಯ ಕೆಸರಿನಿಂದ ಎಂದು ನಾನು ತಿಳಿದಿದ್ದೆ. ಗೌಡರೂ ಹಾಗೆಯೇ ತಿಳಿದಿದ್ದರು. ನಿಜವಾದ ಶತ್ರು ಒಳಗಿನವನು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಉರಿದರೆ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು! ಬೆಂಕಿಯ ಹೊಟ್ಟೆಯಲ್ಲಿ ನೀರು ಹುಟ್ಟುತ್ತದೆಂದು ಪುರಾಣದಲ್ಲಿ ಓದಿದರೆ ನಗುವ ನಾವು ಇದನ್ನು ನಂಬಲೇಬೇಕು. ದೂರ ಓಡಿದ ಕಾರಿನಲ್ಲಿ ಕೊಳವೆ ಬಾಲದವರೆಗೂ ಕಾದು ಈ ನೀರೆಲ್ಲ ಆವಿಯಾಗಿ ಹೊರಟುಹೋಗುತ್ತದೆ. ಎರಡು ಮೈಲಿ ಓಡಿ ನಿಂತ ಕಾರಿನಲ್ಲಿ ಹಿಂದಿನ ಡಬ್ಬಿ ಇನ್ನೂ ತಣ್ಣಗೇ ಇರುತ್ತದೆ. ಆವಿ ಅಲ್ಲಿ ಹನಿಗಟ್ಟುತ್ತದೆ, ಹೊಗೆಯಲ್ಲಿರುವ ಆಮ್ಲಗಳನ್ನು ಕರಗಿಸಿಕೊಂಡು ಡಬ್ಬಿಯ ತಳದಲ್ಲಿ ಮುಂದಿನ ಭಾನುವಾರದವರೆಗೆ ನಿಂತಿರುತ್ತದೆ. ಕಬ್ಬಿಣ, ನೀರು, ಗಾಳಿ ಮೂರೂ ಒಂದೆಡೆ ಸೇರಿದ ಮೇಲೆ ತುಕ್ಕಿಗೆ ಇನ್ನೇನು ಬೇಕು? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಹೊರಗಿನಿಂದ ಕೊಳವೆ ದಪ್ಪವಾದಂತೆಯೇ ಕಾಣುತ್ತದೆ. ಹೀಗಾಗಿ ಕಾರನ್ನು ಕೊರೆದದ್ದು ಗೋದಾಮಿನಲ್ಲಿ ಸುಮ್ಮನೆ ನಿಂತ ವರ್ಷಗಳಿಗಿಂತ ಹೆಚ್ಚಾಗಿ, ಗೌಡರು ದಯೆಯಿಂದ ಸ್ವಲ್ಪಸ್ವಲ್ಪವೇ ಓಡಿಸಿದ ಏಳು ವರ್ಷಗಳು. ಕಾರು ಮಾಡಿದವರನ್ನು ದೂರುವಂತೆಯೇ ಇರಲಿಲ್ಲ.

ಬಿಚ್ಚುವ ಕೆಲಸಕ್ಕೇ ಎರಡು ದಿನ ಹಿಡಿಯಿತು. ಎಂಜಿನ್ನಿಗೆ ಕೊಳವೆಯನ್ನು ಕೂಡಿಸುವ ನಟ್ಟುಗಳು ವರ್ಷಾನುವರ್ಷ ಕಾದು ಕಾದು ಬೋಲ್ಟಿನೊಡನೆ ಒಂದಾಗಿದ್ದವು. ರಾತ್ರಿಯೆಲ್ಲ ಡೀಸೆಲಿನಲ್ಲಿ ನೆನೆಸಿ, ಬೆಳಿಗ್ಗೆ ಗ್ಯಾಸಿನ ಉರಿಯಿಂದ ಕೆಂಪಗೆ ಕಾಯಿಸಿ, ಒಂದಿಷ್ಟು ಬಿಚ್ಚುವ ಕಡೆಗೆ, ಒಂದಿಷ್ಟು ಬಿಗಿಯುವ ಕಡೆಗೆ ಆಡಿಸುತ್ತ ಬರಬೇಕು. ಅವಸರಪಟ್ಟರೆ ಬೋಲ್ಟು ಮುರಿದು ಬೇರು ಒಳಗೇ ಉಳಿಯುತ್ತದೆ. ಅಷ್ಟು ಜೋಪಾನ ಮಾಡಿದರೂ ಒಂದು ಮುರಿಯಿತು. ಅದರ ನಡುಮಧ್ಯಕ್ಕೆ ಬೈರಿಗೆಯಿಂದ ಕೊರೆದು, ಉಳಿದ ಚೂರುಗಳನ್ನು ಕಿತ್ತು, ಹೊಸ ಮರೆ ಕೊಯ್ಯುವುದರಲ್ಲಿ ಒಂದು ಮಧ್ಯಾಹ್ನ ಹೋಯಿತು. ಹೊಸದಾಗಿ ಹಾಕಿದ ನಟ್ಟುಗಳು ಹಿತ್ತಾಳೆಯವು. ಅವು ಬೋಲ್ಟಿಗೆ ತುಕ್ಕಿನಿಂದ ಅಂಟಿಕೊಳ್ಳುವುದಿಲ್ಲ. ಮುಂದೆ ಬಿಚ್ಚುವವನ ಮೇಲಿನ ಕರುಣೆ ಅದು.

ಕೆಳಗಿಳಿಸಿದ ಕೊಳವೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದು ನನ್ನ ಪಾಲಿಗೆ ಬಂದಿತು. ಹಲ್ಮಿಡಿ ನಮ್ಮ ಜಿಲ್ಲೆಯದೇ ಆದ್ದರಿಂದ ಶಾಸನ ಉಜ್ಜಿ ಓದುವುದು ನಮಗೆ ಹೊಸದಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಉಜ್ಜುತ್ತ ಹೋದಂತೆ ನಿಜವಾಗಿಯೂ ಲಿಪಿ ಸಿಕ್ಕಿತು. ಒಂದು ಕಡೆ ಇತ್ತೀಚಿನ ವಿದ್ಯುತ್ ಬೆಸುಗೆ, ಅದರ ಹಿಂದೆ ಗ್ಯಾಸಿನ ಬೆಸುಗೆ, ಇನ್ನೂ ಹಿಂದೆ, ಬಳೆಯಂತೆ ಕೊಳವೆಯನ್ನು ಸುತ್ತಿದ ಹಿತ್ತಾಳೆಯ ಬೆಸುಗೆ. ಆ ಬೆಸುಗೆಯ ಕೊನೆ ಒಂದು ಸಣ್ಣ ಕೊಂಡಿಯಂತೆ ಒಳಕ್ಕೆ ಬಾಗಿತ್ತು. ಮಾವ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟು ಬಹಳ ಹೊತ್ತು ಅದನ್ನು ನೋಡಿದ. “ಅಳಿಮಯ್ಯ, ಇದು ನಿಮ್ಮ ತಾತನ ಕೈ ಕಣೋ. ಕೊನೆಗೆ ಹಿಂಗೆ ಬಗ್ಗಿಸಿ ಬಿಡೋದು ಅವರೊಬ್ಬರೇ” ಎಂದ. ತಾತ 1998ರಲ್ಲಿ ತೀರಿಕೊಂಡವರು, ನಾನು ಹುಟ್ಟುವುದಕ್ಕೆ ಮುಂಚೆ. ಅವರ ಒಂದು ಫೋಟೋವನ್ನು ಬಿಟ್ಟರೆ ನಾನು ಕಂಡ ಅವರ ಗುರುತು ಅದೊಂದೇ.

ಆ ಬಳೆ ಹಾಕಿದ ದಿನದಷ್ಟೇ ಗಟ್ಟಿಯಾಗಿತ್ತು. ಆದರೆ ಅದರ ಎರಡು ಪಕ್ಕದಲ್ಲೂ ಕಬ್ಬಿಣವೇ ಇರಲಿಲ್ಲ! ತೇಪೆ ಉಳಿದು ಬಟ್ಟೆ ಹೋಗಿತ್ತು. ಸಾಯುತ್ತಿರುವ ಕಬ್ಬಿಣದ ನಡುವೆ ಎಷ್ಟು ಒಳ್ಳೆಯ ಬೆಸುಗೆ ಹಾಕಿದರೂ ಅದರ ಅಂಚಿನಿಂದ ಮತ್ತೆ ಕೊರೆತ ಶುರು. ತಾತನ ಕೈಗೆಲಸದಲ್ಲಿ ಕೊರತೆಯಿರಲಿಲ್ಲ. ಅಂದು ಕಬ್ಬಿಣ ಇನ್ನೂ ಗಟ್ಟಿಯಿತ್ತು, ತೇಪೆ ಸರಿಯಾಗಿತ್ತು. ಇಂದು ಅದೇ ತೇಪೆ ಸರಿಯಲ್ಲ. ಯಾವುದನ್ನು ರಿಪೇರಿ ಮಾಡಬೇಕು, ಯಾವುದನ್ನು ಬದಲಾಯಿಸಬೇಕು ಎಂಬುದಕ್ಕೆ ಮಾವ ಹೇಳುವ ಸೂತ್ರ ಇಷ್ಟೇ: ತೂತಿನ ಗಾತ್ರ ನೋಡಬೇಡ, ತೂತಿನ ಸುತ್ತ ಏನಿದೆ ನೋಡು.

ಹನ್ನೆರಡನೆಯ ದಿನ ಗೌಡರು ಬಂದರು. ಮದುವೆಯ ಲಾಡು ತಂದಿದ್ದರು. ಸೊಸೆ ಮಗುವನ್ನು ವೈದ್ಯರಿಗೆ ತೋರಿಸಿದ್ದಳೆಂದೂ, ವೈದ್ಯರು ಎಲ್ಲವನ್ನೂ ಕೇಳಿ ಮಾವನ ಮಾತನ್ನೇ ಹೇಳಿದರೆಂದೂ ತಿಳಿಯಿತು. ಹಿತ್ತಾಳೆಯ ಬಳೆಯನ್ನು ತೋರಿಸಿದಾಗ ಗೌಡರು, “ಈ ಕೊಳವೆ ನಮ್ಮಪ್ಪನ ಕಾಲದ್ದು ಕಣಯ್ಯ, ಬಿಸಾಡಬೇಡ” ಎಂದರು. “ಬೆಸುಗೆ ನಮ್ಮಪ್ಪಂದು ಗೌಡ್ರೆ” ಎಂದ ಮಾವ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ ಎದ್ದದ್ದು, ಹೊಸದು ಯಾವ ಲೋಹದ್ದಾಗಬೇಕೆಂಬ ಪ್ರಶ್ನೆ. ಸಾದಾ ಉಕ್ಕು ಅಗ್ಗ, ಹಳೆಯದೂ ಅದೇ. ಸ್ಟೇನ್‌ಲೆಸ್ ಉಕ್ಕು ದುಬಾರಿ. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಎಂಬವರು ಬಂದೂಕಿನ ನಳಿಗೆ ಬಿಸಿ ಅನಿಲದಿಂದ ಸವೆಯದಂತೆ ಮಾಡಲು ಹೊರಟು, ಉಕ್ಕಿಗೆ ಕ್ರೋಮಿಯಂ ಬೆರೆಸುತ್ತ ಈ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡರು. ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಇದ್ದರೆ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ಗೀಚಿದರೆ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಮಾವ ಹೇಳಿದ ಮಾತು ಸರಳ: “ದಿನಾ ದೂರ ಓಡೋ ಕಾರಿಗೆ ಸಾದಾ ಉಕ್ಕು ಸಾಕು. ನಿಮ್ಮದು ನಿಲ್ಲೋ ಕಾರು, ಸ್ಟೇನ್‌ಲೆಸ್ ಹಾಕಿಸಿ.” ಗೌಡರು ಒಪ್ಪಿದರು.

ಡಬ್ಬಿ, ಕೊಳವೆ ಎರಡನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆವು. ಮೆಟ್ಟಿಲ ಕಂಬಿ ಮಾಡುವ ಅಂಗಡಿಯ ಯಂತ್ರದಲ್ಲಿ ಬಗ್ಗಿಸಿದರೆ ಕೊಳವೆಯ ಹೊಟ್ಟೆ ಚಪ್ಪಟೆಯಾಗಿ ಹೊಗೆಗೆ ದಾರಿ ಕಿರಿದಾಗುತ್ತದೆ. ಅದಕ್ಕೆ ಮಾವ ಒಣ ಮರಳು ಗಿಡಿದು ತುಂಬಿ, ಎರಡು ತುದಿಗೂ ಮರದ ಬೆಣೆ ಹೊಡೆದು ಬಗ್ಗಿಸಿದ. ತಾತನ ಕಾಲದಲ್ಲಿ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸುತ್ತಿದ್ದರಂತೆ. ಆಗ ಮರಳು ಹಸಿಯಿದ್ದರೆ ನೀರು ಆವಿಯಾಗಿ ಬೆಣೆ ಗುಂಡಿನಂತೆ ಹಾರುತ್ತಿತ್ತಂತೆ. ಬೆಸುಗೆ ಆರ್ಗಾನ್ ವೆಲ್ಡಿಂಗಿನದು. ಕೂಡಿಸುವಾಗ ಮೊದಲು ಎಲ್ಲವನ್ನೂ ಸಡಿಲವಾಗಿ ತೂಗುಹಾಕಿ, ಎಲ್ಲಿಯೂ ಮೈ ತಾಗದಂತೆ ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತ ಬರಬೇಕು. ಒಂದು ಮೀಟರು ಸ್ಟೇನ್‌ಲೆಸ್ ಕೊಳವೆ 300 ಡಿಗ್ರಿ ಹೆಚ್ಚು ಕಾದರೆ ಸುಮಾರು 5 ಮಿಲಿಮೀಟರು ಬೆಳೆಯುತ್ತದೆ. ಎಂಜಿನ್ನೂ ತನ್ನ ರಬ್ಬರಿನ ಮೇಲೆ ಅಲುಗಾಡುತ್ತಿರುತ್ತದೆ. ಆದ್ದರಿಂದ ಕೊಳವೆಯನ್ನು ಕಬ್ಬಿಣದಿಂದ ಕಟ್ಟದೆ ಹಳೆಯ ಟೈರಿನ ಪಟ್ಟಿಯಿಂದ ತೂಗುಹಾಕಿದೆವು. ಅಲುಗಾಡಲು ಬಿಡದೆ ಬಿಗಿದದ್ದು ಬೇಗ ಸೀಳುತ್ತದೆ.

ಎಂಜಿನ್ನು ಶುರು ಮಾಡಿ, ಬಾಲಕ್ಕೆ ಬಟ್ಟೆಯ ಉಂಡೆ ಒತ್ತಿ ಹಿಡಿದು, ಕೀಲುಕೀಲಿಗೂ ಸೋಪಿನ ನೀರು ಹಚ್ಚಿ ನೋಡಿದೆವು. ಒಂದು ಕಡೆಯೂ ಗುಳ್ಳೆ ಏಳಲಿಲ್ಲ. ಕಾದು ತಣ್ಣಗಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ನೆಲದ ಹಲಗೆಯ ಸಂದುಗಳನ್ನೂ ಮುಚ್ಚಿದೆವು. ಗೌಡರು ಕಿವಿಗೊಟ್ಟು, “ದನಿ ಸ್ವಲ್ಪ ತಗಡಿನ ಹಾಗಿದೆ” ಎಂದರು. “ಗಂಟಲು ಹೊಸದು ಗೌಡ್ರೆ. ದನಿ ಹಳೇ ಎಂಜಿನ್ನಿಂದೇ” ಎಂದ ಮಾವ. ಜೂನ್ ತಿಂಗಳ ಮಳೆಯಲ್ಲಿ ಹುಡ್ಡು ಏರಿಸಿಕೊಂಡೇ ಅವರು ಮತ್ತೆ ಹಾಸನಕ್ಕೆ ಬಂದರು. ಮಗು ತಾಯಿಯ ಮಡಿಲಿನಿಂದ ಹಾರಿ ಇಳಿದು ಬಿಸ್ಕತ್ತು ಕೇಳಿತು. ಈಗ ಗೌಡರು ಹದಿನೈದು ದಿನಕ್ಕೊಮ್ಮೆ ಕಾರನ್ನು ಹಾಸನದವರೆಗೆ ಓಡಿಸುತ್ತಾರೆ. ಬಾಲದವರೆಗೂ ಕಾಯಬೇಕಲ್ಲ!

ಹೊಸ ಕೊಳವೆ ಹಾಕಿದ ಮೇಲೆ ಅದು ಅಪ್ಪನ ಕಾರಾಗಿ ಉಳಿಯಿತೆ ಎಂದು ಕೇಳುವವರಿದ್ದಾರೆ. ನಮ್ಮ ಊರುಗಳ ತೇರುಗಳಿಗೆ ಗಾಲಿ ಹೋದರೆ ಹೊಸ ಗಾಲಿ ಕೂಡಿಸುತ್ತಾರೆ, ಅಚ್ಚು ಹೋದರೆ ಅಚ್ಚು. ತೇರು ಹೊಸದಾಯಿತೆಂದು ಯಾರೂ ಹೇಳುವುದಿಲ್ಲ. ಎಳೆಯದೆ ನಿಂತರೆ ಮಾತ್ರ ಊರು ಮರುಗುತ್ತದೆ. ಹಳೆಯದರ ಮೇಲಿನ ಪ್ರೀತಿ ಅದರ ಪ್ರತಿಯೊಂದು ಚೂರಿನ ಮೇಲಿನ ಪ್ರೀತಿಯಾದರೆ, ಒಂದು ದಿನ ಚೂರು ಉಳಿದು ಹಳೆಯದು ಹೋಗುತ್ತದೆ. ಹೊಗೆಕೊಳವೆ ಸವೆಯುವುದಕ್ಕಾಗಿಯೇ ಹುಟ್ಟಿದ ಅಂಗ. ಅದನ್ನು ಸಕಾಲದಲ್ಲಿ ಕಳೆದುಕೊಂಡರೆ ಕಾರು ಉಳಿಯುತ್ತದೆ, ಕಾರಿನಲ್ಲಿ ಕೂತವರೂ ಉಳಿಯುತ್ತಾರೆ.

ಕೊನೆಯದಾಗಿ ನನ್ನ ಸಹಪಾಠಿಗಳಿಗೆ ಒಂದು ಮಾತು. ನಮ್ಮ ಕಾಲೇಜಿನ ಮುಂದೆ ನಿಲ್ಲುವ ಮೋಟಾರು ಬೈಕುಗಳಲ್ಲಿ ಕೆಲವು, ಸದ್ದು ಹೆಚ್ಚಲೆಂದು ಡಬ್ಬಿ ಕೊಯ್ಸಿಕೊಂಡಿರುವುದನ್ನು ಬಲ್ಲೆ. ಗ್ರಂಥಾಲಯದಲ್ಲಿ ಕೂತವರ ಶಾಪ ಹೇಗೂ ಅವರಿಗೆ ತಟ್ಟುತ್ತಿದೆ. ನಾನು ಬೇರೆ ಶಪಿಸುವುದಿಲ್ಲ. ಆದರೆ ಮನೆಯಲ್ಲಿ ಹಳೆಯ ಕಾರಿರುವವರು ಈ ರಜೆಯಲ್ಲಿ ಒಮ್ಮೆ ಅದರ ಒಳಗಿನ ಚಾಪೆಯನ್ನು ಎತ್ತಿ ನೋಡಲಿ. ಬಾಗಿಲು ಮುಚ್ಚಿದ ಷೆಡ್ಡಿನೊಳಗೆ ಎಂಜಿನ್ನು ಹಚ್ಚದಿರಲಿ. ಪ್ರಯಾಣದಲ್ಲಿ ಮಗು ತಲೆನೋವೆಂದರೆ ರಸ್ತೆಯ ತಿರುವನ್ನು ದೂರುವ ಮುಂಚೆ ಕಿಟಕಿ ತೆರೆಯಲಿ.